ಗೋಡೆಯ ಮೇಲಿನ ಕಿರುಬೆರಳು

ನಮ್ಮ ಗಲ್ಲಿಗೆ ಈಗ ಇತಿಹಾಸ ಬಂದಿದೆ. ಗಲ್ಲಿಯ ಬಾಯಿಗೆ ಕಬ್ಬಿಣದ ಕಮಾನು ಹಾಕಿ, ಅದರ ಮೇಲೊಂದು ತಗಡಿನ ಕ್ಯಾಮೆರಾ ಕೂರಿಸಿ, ಇದು ಸಿನಿಮಾ ಪರಂಪರೆಯ ಬೀದಿ ಎಂದು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆಸಿದ್ದಾರೆ. ಆ ಕ್ಯಾಮೆರಾದ ಹೊಟ್ಟೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿವೆ. ಭಾನುವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದುಕೊಂಡು ಬರುವ ಜನ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮೇಲಿನಿಂದ ಅವರ ಟೋಪಿಯ ಮೇಲೆ ಏನಾದರೂ ಬಿದ್ದರೆ ನನಗೆ ಖುಷಿಯಾಗುತ್ತದೆ. ಮುಚ್ಚಿಟ್ಟುಕೊಂಡು ಏನು ಮಾಡಲಿ?

ಪುಣೆಯಲ್ಲಿ ಒಂದು ಕಾಲಕ್ಕೆ ಸಿನಿಮಾ ತಯಾರಾಗುತ್ತಿದ್ದ ಪ್ರದೇಶ ಇದು. ಸ್ಟುಡಿಯೋದ ಹಿಂದಿನ ಗೋಡೆಯೇ ನಮ್ಮ ಹಿತ್ತಲಿನ ಗೋಡೆ. ಟೋಪಿಯವರನ್ನು ಕರೆದುಕೊಂಡು ಬರುವ ಹುಡುಗಿ ಅವರಿಗೆ ಹೇಳುವ ಇತಿಹಾಸದ ತುಂಬ ಮಲ್ಲಿಗೆ ಹೂವು, ವಾದ್ಯವೃಂದ, ಕುದುರೆಗಾಡಿ. ನಾನು ಇಲ್ಲೇ ಹುಟ್ಟಿ ಬೆಳೆದವಳು. ನನಗೆ ನೆನಪಿರುವುದು ನಾತ. ಸೆಟ್ಟಿನ ಗೋಡೆಗಳೆಂದರೆ ಬಿದಿರು, ಗೋಣಿತಟ್ಟು, ಅದರ ಮೇಲೆ ಮೈದಾ ಅಂಟಿನಿಂದ ಹಚ್ಚಿದ ಕಾಗದ. ಶೂಟಿಂಗ್ ಮುಗಿದೊಡನೆ ಅರಮನೆ, ಗುಡಿ, ಜೈಲು ಎಲ್ಲವನ್ನೂ ಕಿತ್ತು ನಮ್ಮ ಹಿತ್ತಲ ಗೋಡೆಯ ಆಚೆಗೆ ಎಸೆಯುತ್ತಿದ್ದರು. ಮಳೆ ಬಿದ್ದರೆ ಆ ಮೈದಾ ಹುಳಿತು ವಾಸನೆ ಹೊಡೆಯುತ್ತಿತ್ತು. ಅದನ್ನು ತಿಂದು ಕೊಬ್ಬಿದ ಹೆಗ್ಗಣಗಳು ನಮ್ಮ ಅಡುಗೆಮನೆಗೆ ಹೆದರಿಕೆಯಿಲ್ಲದೆ ಬಂದು ಹೋಗುತ್ತಿದ್ದವು. ಕಿರೀಟ ಹೊತ್ತ ರಾಜರು ನಮ್ಮ ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕಿ ಗಟಾರಕ್ಕೆ ಉಗುಳುತ್ತಿದ್ದರು. ಗುರಿ ತಪ್ಪಿದಾಗಲೆಲ್ಲ ಅವ್ವ ಬಕೆಟ್ ನೀರು ತಂದು ಮೆಟ್ಟಿಲು ತೊಳೆಯುತ್ತಿದ್ದಳು. ಇದನ್ನು ಯಾವ ಫಲಕದ ಮೇಲೂ ಬರೆದಿಲ್ಲ.

ಸ್ಟುಡಿಯೋ ಮುಚ್ಚಿತು. ಶೆಡ್ಡುಗಳು ಕೆಲವು ವರ್ಷ ಗೋದಾಮುಗಳಾದವು, ಆಮೇಲೆ ಮದುವೆಯ ಮಂಗಲ ಕಾರ್ಯಾಲಯವಾದವು. ಕೊನೆಗೆ ಉಳಿದದ್ದು ಬಡಗಿಗಳು ಕೆಲಸ ಮಾಡುತ್ತಿದ್ದ ಒಂದೇ ಶೆಡ್. ಅದನ್ನೀಗ ಹೋಟೆಲು ಮಾಡಿದ್ದಾರೆ. ಊಟಕ್ಕೆ ಇಂಟರ್ವಲ್ ಥಾಳಿ ಎಂದು ಹೆಸರು. ಖೀರಿಗೆ ಕ್ಲೈಮ್ಯಾಕ್ಸ್ ಎಂದು ಹೆಸರು. ಬಿಲ್ಲನ್ನು ರೀಲಿನ ತಗಡಿನ ಡಬ್ಬಿಯಲ್ಲಿಟ್ಟು ತರುತ್ತಾರೆ, ಕೈ ತೊಳೆಯುವ ಕಡೆ ಮೇಕಪ್ ಕೋಣೆಯ ಹಾಗೆ ಕನ್ನಡಿಯ ಸುತ್ತ ಬಲ್ಬು ಹಾಕಿದ್ದಾರೆ. ನನಗೆ ಅಲ್ಲಿ ಕಾಲಿಡುವ ಮನಸ್ಸಿರಲಿಲ್ಲ. ಮಗನ ಹುಟ್ಟುಹಬ್ಬವನ್ನು ಅಲ್ಲೇ ಮಾಡಬೇಕೆಂದು ತಮ್ಮನ ಹೆಂಡತಿ ಹಟ ಹಿಡಿದಳು. ಅವ್ವ ಹೊಸ ಸೀರೆ ಉಟ್ಟು ಮುಂಚೆಯೇ ತಯಾರಾಗಿ ಕುಳಿತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಹೊರಟೆ.

ಒಳಗೆ ಒಂದು ಇಡೀ ಗೋಡೆಯ ತುಂಬ ಕಪ್ಪು ಬಿಳುಪಿನ ಫೋಟೋ. ಒಲೆ, ಹಿಟ್ಟು ನಾದುವ ಪರಾತ, ಅದರ ಮೇಲೆ ಭಾಕರಿ, ಅಂದರೆ ನಮ್ಮ ಜೋಳದ ರೊಟ್ಟಿ, ಬಡಿಯುತ್ತಿರುವ ಎರಡು ಕೈ. ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಸೇರದೆ ಮೇಲಕ್ಕೆ ಎದ್ದು ನಿಂತಿದೆ. ಕೆಳಗೆ ಆ ಕಾಲದ ದೊಡ್ಡ ನಾಯಕಿಯೊಬ್ಬಳ ಹೆಸರು.

ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಬಾಯಲ್ಲಿದ್ದ ತುತ್ತು ನುಂಗಿ, "ಇವು ನನ್ನ ಕೈ ಅದಾವ," ಎಂದಳು.

ತಮ್ಮ ನಕ್ಕ. "ಅವ್ವಾ, ನೀರ ಕುಡಿ," ಎಂದ.

"ಖರೇನ ಹೇಳಾಕತ್ತೀನಿ. ಕೈ ನನ್ನವು. ಆಕಿವು ಅಲ್ಲ."

ನಾನು ಅವಳ ಬಲಗೈ ನೋಡಿದೆ. ಕಿರುಬೆರಳು ಎದ್ದೇ ಇತ್ತು. ಅದು ಯಾವಾಗಲೂ ಹಾಗೆಯೇ. ಚಿಕ್ಕಂದಿನಲ್ಲಿ ಬಿಸಿ ಹಂಚಿಗೆ ತಾಗಿ ಸುಟ್ಟಿತ್ತು, ಅಂದಿನಿಂದ ಮಡಚುವುದಿಲ್ಲ. ಚಹಾ ಕುಡಿಯುವಾಗಲೂ ಎದ್ದಿರುತ್ತದೆ, ದೇವರಿಗೆ ಕೈ ಮುಗಿಯುವಾಗಲೂ ಎದ್ದಿರುತ್ತದೆ. ನಾವು ಅದನ್ನು ಎಷ್ಟು ನೋಡಿದ್ದೆವೆಂದರೆ ನೋಡುವುದನ್ನೇ ಬಿಟ್ಟಿದ್ದೆವು.

ಅಂದು ಮನೆಗೆ ಬಂದ ಮೇಲೆ ಅವ್ವ ಎಲ್ಲವನ್ನೂ ಹೇಳಿದಳು. ಮದುವೆಗೆ ಮುಂಚೆ ಅವಳು ಇದೇ ಗಲ್ಲಿಯಲ್ಲಿ ತನ್ನ ಸೋದರಮಾವನ ಮನೆಯಲ್ಲಿ ಇದ್ದಳು. ಧಾರವಾಡದ ಕಡೆಯ ಹುಡುಗಿ, ರೊಟ್ಟಿಯ ಕೈ. ಸ್ಟುಡಿಯೋದಲ್ಲಿ ಒಂದು ದೃಶ್ಯ ತೆಗೆಯುವುದಿತ್ತು. ಗಂಡ ಮನೆಗೆ ಬಾರದ ದಿನ ನಾಯಕಿ ಅಳುತ್ತ ಭಾಕರಿ ಬಡಿಯಬೇಕು. ನಾಯಕಿಗೆ ಅಳು ಬರುತ್ತಿತ್ತು, ಭಾಕರಿ ಬರುತ್ತಿರಲಿಲ್ಲ. ಬಡಿದದ್ದೆಲ್ಲ ಹರಿದು ಹೋಗುತ್ತಿತ್ತು. ಸ್ಟುಡಿಯೋದವರು ಗಲ್ಲಿಯಲ್ಲಿ ವಿಚಾರಿಸಿದರು. ತೆಳ್ಳಗೆ ಬಡಿಯುವವರು ಯಾರು ಎಂದರೆ ಎಲ್ಲರೂ ಕಾನಡಿಯವರ, ಅಂದರೆ ಕನ್ನಡದವರ, ಮನೆಗೆ ಬೆರಳು ಮಾಡಿದರು. ಮಾವನ ಹೆಂಡತಿ ಒಪ್ಪಿದಳು, ಆದರೆ ಕರಾರು ಹಾಕಿದಳು. ಮುಖ ಕಾಣಬಾರದು. ಹುಡುಗಿ ಬಂದಿದ್ದಳೆಂದು ಯಾರೂ ಎಲ್ಲಿಯೂ ಹೇಳಬಾರದು. ಸಿನಿಮಾಕ್ಕೆ ಹೋದವಳು ಎಂದು ಗೊತ್ತಾದರೆ ಗಂಡು ಸಿಗುವುದಿಲ್ಲ.

ಆ ಅತ್ತೆ ಜೊತೆಯಲ್ಲೇ ಹೋಗಿ ಕಾವಲು ಕುಳಿತಳಂತೆ. ನಾಯಕಿಯ ಕೈಯಿಂದ ಬಳೆ ತೆಗೆದು ಅವ್ವನ ಕೈಗೆ ತೊಡಿಸಿದರು. ಅದೇ ಅಂಚಿನ ಸೀರೆ ಉಡಿಸಿದರು. ಮುಂಗೈ ಮಾತ್ರ ಕಾಣುವ ಹಾಗೆ ಕೂರಿಸಿದರು. ನಾಯಕಿ ಪಕ್ಕದಲ್ಲೇ ಬೆತ್ತದ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕುಳಿತಿದ್ದಳು. ಮುಗಿದ ಮೇಲೆ ಬಳೆ ವಾಪಸು ತೊಟ್ಟುಕೊಳ್ಳುತ್ತ, ನಿನ್ನ ಹೆಸರೇನು ಎಂದು ಕೇಳಿದಳು. ಅವ್ವ ಬಾಯಿ ತೆರೆಯುವುದರೊಳಗೆ ಅತ್ತೆ, "ಹೆಸರ ಬ್ಯಾಡ್ರಿ, ಲಗ್ನ ಆಗೋ ಹುಡುಗಿ," ಎಂದು ನಡುವೆ ಬಾಯಿ ಹಾಕಿದಳು. ಸ್ಟುಡಿಯೋದವರು ಒಂದು ತೆಂಗಿನಕಾಯಿ, ಒಂದು ಕುಬುಸದ ಖಣ ಕೊಟ್ಟು ಕಳಿಸಿದರು.

ಪಿಕ್ಚರು ಓಡಿತು. ಅತ್ತವಳು ನಾಯಕಿ, ಬಡಿದವಳು ಅವ್ವ. ಆ ಎದ್ದ ಕಿರುಬೆರಳು ನಾಯಕಿಯ ಅಂದವೆಂದು ಊರೆಲ್ಲ ಹೇಳಿತು. ಗಲ್ಲಿಯ ಹೆಂಗಸರು ಬೆರಳೆತ್ತಿ ಭಾಕರಿ ಬಡಿಯತೊಡಗಿದರು. ಅವ್ವನ ಮದುವೆಯಾದ ಮೇಲೆ ಧಾರವಾಡದಿಂದ ಬಂದ ನಮ್ಮ ಚಿಕ್ಕಮ್ಮಂದಿರೂ ನಾಯಕಿಯ ನಕಲು ಮಾಡಿ ಬೆರಳೆತ್ತಿ ನಗುತ್ತಿದ್ದರು. ಅದರ ನಿಜವಾದ ಒಡತಿ ಅವರಿಗೆಲ್ಲ ಚಹಾ ಸೋಸಿ ಕೊಡುತ್ತಿದ್ದಳು.

ಅಪ್ಪ ಒಮ್ಮೆ ಅವ್ವನನ್ನು ಅದೇ ಪಿಕ್ಚರಿಗೆ ಕರೆದುಕೊಂಡು ಹೋದನಂತೆ. ಆ ದೃಶ್ಯ ಬಂದಾಗ ಅವಳ ಮೊಣಕೈ ತಿವಿದು, "ನೋಡ, ರೊಟ್ಟಿ ಅಂದ್ರ ಹಿಂಗ ಬಡೀಬೇಕು. ಕಲಿ," ಎಂದನಂತೆ.

"ನೀ ಏನಂದಿ?" ಎಂದು ಕೇಳಿದೆ.

"ಏನನ್ನಲಿ? ಹೂಂ ಅಂದೆ."

ನನಗೆ ಮೈ ಉರಿಯಿತು. ಅಪ್ಪ ಕೆಟ್ಟವನಲ್ಲ. ಮಿಲಿಟರಿ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದು ನಮ್ಮನ್ನು ಓದಿಸಿದವನು. ಆದರೂ ಆ ರಾತ್ರಿ ಗೋಡೆಯ ಮೇಲಿನ ಅವನ ಫೋಟೋ ನೋಡಿದಾಗ ಹಾರ ತೆಗೆದುಬಿಡೋಣ ಎನಿಸಿತು. ಅವನು ಗೊತ್ತಿಲ್ಲದೆ ಹೋದ. ಅವ್ವ ಗೊತ್ತಿದ್ದೂ ಇಷ್ಟು ವರ್ಷ ಅವನ ತಟ್ಟೆಗೆ ರೊಟ್ಟಿ ಹಾಕಿದಳು.

"ಈಗ ಯಾಕ ಹೇಳಿದಿ?" ಎಂದೆ.

"ಈಗ ಯಾರ ಲಗ್ನ ನಿಲ್ಲತದ? ಆ ಫೋಟೋದ ಕೆಳಗ ನನ್ನ ಹೆಸರ ಹಾಕ್ಸು. ಅಷ್ಟ ಸಾಕು. ಕಣ್ಣ ಮುಚ್ಚೂದರಾಗ ಒಮ್ಮೆ ನೋಡ್ತೀನಿ."

ಅವ್ವ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಮರುದಿನ ಹೋಟೆಲಿಗೆ ಹೋದೆ.

ಮ್ಯಾನೇಜರನದು ಕತ್ತರಿಸಿ ತಿದ್ದಿದ ಗಡ್ಡ, ಕೈಯಲ್ಲಿ ಎರಡು ಫೋನು. ನಾನು ಹೇಳಿದ್ದು ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟ. ನಿಜವೋ ಸುಳ್ಳೋ ಎಂದು ಕೇಳುತ್ತಾನೆಂದು ನಾನು ಉತ್ತರ ಹುಡುಕಿಕೊಂಡು ಹೋಗಿದ್ದೆ. ಅವನು ಕೇಳಲೇ ಇಲ್ಲ. ಕಥೆ ಚೆನ್ನಾಗಿದೆ ಮ್ಯಾಡಮ್, ಜನ ಅಳುತ್ತಾರೆ, ಎಂದ. ಹೆಸರು ಹಾಕುವುದೇನು, ಹಿತ್ತಾಳೆಯಲ್ಲೇ ಕೆತ್ತಿಸೋಣ, ಮೊದಲು ಆಜಿಯದೊಂದು ವಿಡಿಯೋ ಮಾಡೋಣ, ಎಂದ. ಆಜಿ ಒಲೆಯ ಮುಂದೆ ಕುಳಿತು ಎರಡು ಮಾತು ಹೇಳಿ, ಒಂದು ಭಾಕರಿ ಬಡಿದರೆ ಸಾಕಂತೆ. ನಾನು ನಿಜ ತಂದಿದ್ದೆ, ಅವನು ಅದನ್ನು ಖೀರಿನ ಪಕ್ಕಕ್ಕೆ ಇಡಲು ಹೊರಟಿದ್ದ.

ಅವ್ವ ಮಾತ್ರ ಹಿಗ್ಗಿದಳು. ಮನೆಯಲ್ಲಿ ಅಭ್ಯಾಸ ಶುರುವಾಯಿತು. ಸಂದುವಾತ ಬಂದಾಗಿನಿಂದ ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಳು. ಗಂಟುಗಂಟಾದ ಬೆರಳುಗಳಿಂದ ಹಿಟ್ಟು ನಾದುವಾಗ ತುಟಿ ಕಚ್ಚುತ್ತಿದ್ದಳು. ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಸೀಳಿದ್ದನ್ನು ಮತ್ತೆ ಮುದ್ದೆ ಮಾಡಿ ಮತ್ತೆ ಬಡಿಯುತ್ತಿದ್ದಳು. ನಾನು ಬೇಡವೆಂದರೆ, "ನಿನಗೇನ ತಿಳೀತದ, ಸುಮ್ಮನಿರು," ಎನ್ನುತ್ತಿದ್ದಳು.

ಶೂಟಿಂಗ್ ದಿನ ಹೋಟೆಲಿನ ಮೂಲೆಯಲ್ಲೊಂದು ಹಳ್ಳಿ ಎದ್ದಿತ್ತು. ನೆಲಕ್ಕೆ ಸೆಗಣಿ ಸಾರಿಸಿದ ಚಿತ್ರ ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆ, ಒಲೆಯೊಳಗೆ ಕೇಸರಿ ಬಣ್ಣದ ಬಲ್ಬು, ಹಿಂದೆ ದಾರಕ್ಕೆ ಕಟ್ಟಿದ ಪ್ಲಾಸ್ಟಿಕ್ ಮೆಣಸಿನಕಾಯಿ. ಇಲ್ಲೊಂದು ಹಳ್ಳಿಯಿತ್ತು ಎಂದು ಇವರಿಗೆ ಯಾರು ಹೇಳಿದರೋ. ಇದು ಯಾವತ್ತೂ ಪುಣೆಯ ಪೇಟೆಯೇ. ಅವ್ವನ ಮುಖಕ್ಕೆ ಪುಡಿ ಬಳಿದರು. ಅವಳು ತನ್ನ ಮಾತು ಚೆನ್ನಾಗಿ ಹೇಳಿದಳು, ಮರಾಠಿಯಲ್ಲಿ, ಒಂದು ಕಡೆಯೂ ತಡವರಿಸದೆ. ಆಮೇಲೆ ಹಿಟ್ಟಿಗೆ ಕೈ ಹಾಕಿದಳು.

ಮೊದಲನೆಯದು ಸೀಳಿತು. ಎರಡನೆಯದು ಎತ್ತುವಾಗ ಮಡಚಿಕೊಂಡಿತು. ನಿರ್ದೇಶಕ ಎನಿಸಿಕೊಂಡವನು ಕ್ಯಾಮೆರಾದವನ ಕಿವಿಯ ಹತ್ತಿರ ಬಗ್ಗಿ ಹಿಂದಿಯಲ್ಲಿ, "ಹಾತ್ ಮತ್ ದಿಖಾ, ಬಹುತ್ ಬೂಢೇ ಲಗ್ ರಹೇ ಹೈಂ," ಎಂದ. ಕೈ ತೋರಿಸಬೇಡ, ಬಹಳ ಮುದಿ ಕಾಣುತ್ತವೆ. ಅವ್ವನಿಗೆ ಹಿಂದಿ ಬರುವುದಿಲ್ಲ ಎಂದುಕೊಂಡಿದ್ದನೋ, ಕೇಳಿದರೇನಾಯಿತು ಎಂದುಕೊಂಡಿದ್ದನೋ. ಅವ್ವ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಮ್ಯಾನೇಜರ ಅಡುಗೆಮನೆಗೆ ಹೋಗಿ ಭಾಕರಿ ಬಡಿಯುವ ಹೆಂಗಸನ್ನು ಕರೆತಂದ. ಮೂವತ್ತರ ಆಚೀಚಿನವಳು. ಅವ್ವ ನನಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ಅವಳ ಮುಖ ಅರಳಿತು. "ನೀವು ನಮ್ಮ ಕಡೀದವ್ರೇನ್ರೀ ಅಮ್ಮಾ?" ಎಂದಳು. ಯಾದಗಿರಿ ಕಡೆಯವಳು. ಗಂಡ ಖರಾಡಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಮನೆ ಯೆರವಡಾದಲ್ಲಿ. ಅಷ್ಟು ಹೇಳುವುದರೊಳಗೆ ನಿರ್ದೇಶಕ ಚಪ್ಪಾಳೆ ತಟ್ಟಿ ಅವಸರ ಮಾಡಿದ. ಅವ್ವನ ಸೀರೆಯನ್ನೇ ಹೋಲುವ ಸೆರಗೊಂದನ್ನು ಅವಳ ಹೆಗಲಿಗೆ ಸಿಕ್ಕಿಸಿದರು. ಬಳೆ ಅವೇ ಇರಬೇಕು ಎಂದರು. ಅವ್ವನ ಊದಿದ ಕೈಯಿಂದ ಬಳೆ ಹೊರಡಲಿಲ್ಲ. ಸಾಬೂನು ಹಚ್ಚಿ ಎಳೆದರು. ತೆಗೆದು, ಒರೆಸಿ, ಆ ಹೆಂಗಸಿನ ಕೈಗೆ ತೊಡಿಸಿದರು.

ನಾನು ಅವ್ವನ ಹತ್ತಿರ ಹೋಗಿ, "ಎದ್ದೇಳು, ಮನಿಗೆ ಹೋಗೋಣ. ಇವರ ಹಿತ್ತಾಳಿ ಇವರ ಕಡೇನ ಇರಲಿ," ಎಂದೆ.

"ಇರಲಿ ಬಿಡು. ಹೆಸರ ಹಾಕ್ತೀನಿ ಅಂದಾರಲ್ಲ," ಎಂದಳು.

ಅವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಒಲೆಯ ಮುಂದೆ ಆ ಹೆಂಗಸು ಕುಳಿತಳು. ಕಿರುಬೆರಳು ಎತ್ತು ಎಂದು ನಿರ್ದೇಶಕ ಮತ್ತೆ ಮತ್ತೆ ಕೂಗಿದ. ಅವಳು ಪಾಪ ಎತ್ತುತ್ತಿದ್ದಳು, ಅದು ತಾನಾಗಿಯೇ ಇಳಿಯುತ್ತಿತ್ತು. "ಬೆರಳ ಎತ್ತಿ ಹ್ಯಾಂಗ ಬಡೀಲಿರೀ ಅಮ್ಮಾ?" ಎಂದು ನಮ್ಮ ಕಡೆ ನೋಡಿ ನಕ್ಕಳು. ಅವ್ವ ನಗಲಿಲ್ಲ. ಕೊನೆಗೆ ಬೆರಳಿಗೆ ಚರ್ಮದ ಬಣ್ಣದ ಪಟ್ಟಿ ಸುತ್ತಿ ಒಳಗೊಂದು ಕಡ್ಡಿ ಇಟ್ಟರು. ಬೆರಳು ನಿಂತಿತು. ಇಡೀ ಗುಂಪು ವಾಹ್ ಎಂದಿತು. ಶೂಟಿಂಗ್ ಮುಗಿದದ್ದೇ ಬಳೆ ಬಿಚ್ಚಿಸಿ ಅವಳನ್ನು ಒಳಗೆ ಅಟ್ಟಿದರು, ಮಧ್ಯಾಹ್ನದ ಊಟದ ಗಿರಾಕಿಗಳು ಬರುವ ಹೊತ್ತಾಗಿತ್ತು. ಅವ್ವನಿಗೆ ಹೋಟೆಲಿನಿಂದ ಒಂದು ಶಾಲು ಹೊದಿಸಿದರು. ಅದರ ಮೂಲೆಯಲ್ಲೂ ಹೋಟೆಲಿನ ಹೆಸರು ಹೊಲಿದಿತ್ತು.

ವಿಡಿಯೋ ಬಂತು. ಅವ್ವನ ಮುಖ, ಅವ್ವನ ಮಾತು, ಕೆಳಗೆ ಆ ಹೆಂಗಸಿನ ಕೈ. ಹೊಲಿಗೆಯೇ ಕಾಣುವುದಿಲ್ಲ. ಆ ವಿದ್ಯೆಯೊಂದನ್ನು ಈ ಗಲ್ಲಿ ಮರೆತಿಲ್ಲ. ಮನೆಯವರ ವಾಟ್ಸಾಪ್ ಗುಂಪು ಹುಚ್ಚೆದ್ದಿತು. ಧಾರವಾಡದಿಂದ, ಬೆಳಗಾವಿಯಿಂದ ಬಂಧುಬಳಗವೆಲ್ಲ ಹೂವು ಸುರಿಸಿದರು. ಈ ವಯಸ್ಸಿನಾಗೂ ಎಂಥಾ ಕೈ ನೋಡ್ರಿ, ಎಂದರು. ನಮ್ಮ ಮನೆತನದ ಹೆಮ್ಮೆ ಎಂದರು. ಹೀಗೆ ಬರೆದವರಲ್ಲಿ ಅವ್ವನ ಬಾಯಿ ಮುಚ್ಚಿಸಿದ ಆ ಅತ್ತೆಯ ಮಗನೂ ಇದ್ದ. ಸಿನಿಮಾದವರ ನೆರಳೂ ಬೀಳಬಾರದೆಂದು ನನ್ನ ಗೆಳತಿಯೊಬ್ಬಳ ಮದುವೆಯ ಸಂಬಂಧವನ್ನು ಮುರಿದಿದ್ದ ಪುಣ್ಯಾತ್ಮ ಈತ. ನಾನು ಆ ಗುಂಪಿನಿಂದಲೇ ಹೊರಬಿದ್ದೆ. ತಮ್ಮನ ಹೆಂಡತಿ ಮತ್ತೆ ಸೇರಿಸಿದಳು. ಮತ್ತೆ ಹೊರಬಿದ್ದೆ.

ಹಿತ್ತಾಳೆ ಫಲಕ ಹಾಕಿದ್ದೇವೆ, ಬನ್ನಿ ಎಂದು ಮ್ಯಾನೇಜರ ಫೋನು ಮಾಡಿದ. ನಾನು ಅವ್ವನನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದೆ, ಈಚೆಗೆ ಅವಳಿಗೆ ಗಲ್ಲಿಯ ಈ ತುದಿಯಿಂದ ಆ ತುದಿಗೂ ನಡೆಯಲಾಗುವುದಿಲ್ಲ. ಫೋಟೋದ ಕೆಳಗೆ ನಾಯಕಿಯ ಹೆಸರಿನ ಪಕ್ಕದಲ್ಲಿ ಅವ್ವನ ಹೆಸರು, ಮಿರಮಿರ ಮಿಂಚುವ ಅಕ್ಷರ. ಅದರ ಪಕ್ಕದ ಪರದೆಯ ಮೇಲೆ ಆ ವಿಡಿಯೋ ಮತ್ತೆ ಮತ್ತೆ ಓಡುತ್ತಿತ್ತು. ಎದುರಿಗೆ ನಿಂತ ಹುಡುಗಿಯರು ಕಿರುಬೆರಳೆತ್ತಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವರಲ್ಲೊಬ್ಬಳು ಅವ್ವನನ್ನು ಗುರುತು ಹಿಡಿದು, ಆಜಿ, ನಿಮ್ಮ ಕೈ ಎಷ್ಟು ಸುಂದರ, ಎಂದು ಪರದೆ ತೋರಿಸಿದಳು. ಅವ್ವನ ಕೈ ಅವಳ ಎದುರಿಗೇ ಇತ್ತು. ಆ ಹುಡುಗಿ ಅದರ ಕಡೆ ಕಣ್ಣು ಹಾಯಿಸಲಿಲ್ಲ.

ಅವ್ವ ತನ್ನ ಹೆಸರನ್ನು ಓದಲಿಲ್ಲ. ಪರದೆಯನ್ನೇ ನೋಡುತ್ತ ನಿಂತಳು.

"ಆಕಿ ನನ್ನ ಹೆಸರ ಕೇಳಿದ್ಲು," ಎಂದಳು ಕೊನೆಗೆ.

"ಯಾರವಾ?"

"ಆಕಿನ, ಆ ಹೀರೋಯಿನ್ನು. ಬಳಿ ಇಸಗೊಳ್ಳುವಾಗ ಕೇಳಿದ್ಲು. ನಮ್ಮ ಅತ್ತಿನ ಬ್ಯಾಡಂದ್ಲು. ಇಷ್ಟ ವರ್ಷ ಆಕಿ ಮ್ಯಾಲೆ ಸಿಟ್ಟ ಇಟಗೊಂಡ ಕೂತೆ. ಆಕಿ ಕೇಳಿದ್ಲು ನೋಡ. ನಾ ಈ ರೊಟ್ಟಿ ಬಡದ ಹುಡುಗಿದು ಕೇಳಲಿಲ್ಲ."

ನಾನೂ ಕೇಳಿರಲಿಲ್ಲ. ಊರು ಕೇಳಿದ್ದೆವು, ಮನೆ ಕೇಳಿದ್ದೆವು.

ಅವ್ವ ನೇರವಾಗಿ ಅಡುಗೆಮನೆಯ ಬಾಗಿಲಿಗೆ ನಡೆದಳು. ಮ್ಯಾನೇಜರ ಅಡ್ಡ ಬಂದು ಒಳಗೆ ಹೊರಗಿನವರನ್ನು ಬಿಡುವುದಿಲ್ಲ, ಸ್ವಚ್ಛತೆಯ ನಿಯಮ, ಎಂದ. "ನನ್ನ ಹೆಸರ ನಿನ್ನ ಗ್ವಾಡಿ ಮ್ಯಾಲ ಅದ, ನಾ ಹೊರಗಿನಾಕಿ?" ಎಂದು ಅವ್ವ ಕನ್ನಡದಲ್ಲೇ ಗದರಿಸಿದಳು. ಅವನಿಗೆ ಅರ್ಥವಾಗಲಿಲ್ಲ, ಆದರೆ ದಾರಿ ಬಿಟ್ಟ. ಒಳಗೆ ಎಣ್ಣೆ ಜಿಡ್ಡಿನ ಗೋಡೆ, ತುಂಬಿ ನಿಂತ ಮೋರಿ, ಹೊಗೆ. ಹೊರಗಿನ ಮೇಕಪ್ ಬಲ್ಬುಗಳ ಬೆಳಕು ಇಲ್ಲಿಗೆ ಬರುವುದಿಲ್ಲ. ಆ ಹೆಂಗಸು ಹಂಚಿನ ಮುಂದೆ ಬೆವರುತ್ತ ಬಡಿಯುತ್ತಿದ್ದಳು. ಕಿರುಬೆರಳು ಉಳಿದ ಬೆರಳುಗಳ ಜೊತೆ ಆರಾಮವಾಗಿತ್ತು.

"ನಿನ್ನ ಹೆಸರೇನವಾ?" ಎಂದಳು ಅವ್ವ. "ನನ್ನ ಹೆಸರ ತಗಸಿ ನಿಂದ ಹಾಕ್ಸತೀನಿ. ಕೈ ನಿನ್ನವು."

ಅವಳು ಗಾಬರಿಯಾಗಿ ಕೈಯಲ್ಲಿದ್ದ ಹಿಟ್ಟು ಕೆಳಗಿಟ್ಟಳು. "ಹೆಸರ ಬ್ಯಾಡ್ರೀ ಅಮ್ಮಾ! ಕೈ ಯಾರವರೇ ಇರಲಿ. ಪಿಕ್ಚರದಾಗ ಬಂದಾಳಂತ ಊರಾಗ ನಮ್ಮ ಅತ್ತಿಗಿ ಗೊತ್ತಾದ್ರ ನನ್ನ ಇಲ್ಲಿ ಇರಲಾಕ ಬಿಡಲ್ರಿ."

ನನಗೆ ಅಲ್ಲಿಯ ಹೊಗೆಯಿಂದಲೋ ಏನೋ ಕಣ್ಣಲ್ಲಿ ನೀರು ಬಂತು. ಇಷ್ಟೆಲ್ಲ ಕಮಾನು, ಇಷ್ಟೆಲ್ಲ ಹಿತ್ತಾಳೆ, ಅದೇ ಮಾತು ಅದೇ ಗೋಡೆಯ ಹಿಂದೆ. ಪರಂಪರೆ ಎಂದರೆ ಇದೇ ಇರಬೇಕು. ಥೂ.

ಅವ್ವ ಹತ್ತಿರ ಹೋಗಿ, "ಬರಸೂದಿಲ್ಲ. ಯಾರ ಮುಂದೂ ಹೇಳೂದಿಲ್ಲ. ನನಗಷ್ಟ ಹೇಳು," ಎಂದಳು.

ಆ ಹೆಂಗಸು ಬಾಗಿಲ ಕಡೆಗೊಮ್ಮೆ ನೋಡಿ, ಬಗ್ಗಿ ಅವ್ವನ ಕಿವಿಯಲ್ಲಿ ಹೇಳಿದಳು. ನನಗೆ ಕೇಳಿಸಲಿಲ್ಲ. "ಹಂಚ ಸುಡಾಕತ್ತೇದ್ರಿ," ಎಂದು ಕೂಡಲೇ ಒಲೆಗೆ ತಿರುಗಿದಳು.

ಹೊರಗೆ ಬರುವಾಗ ಅವ್ವ ಆ ಗೋಡೆಯ ಕಡೆ ನೋಡಲಿಲ್ಲ. ರಿಕ್ಷಾದಲ್ಲಿ ನಾನು ಹೆಸರೇನು ಎಂದು ಕೇಳಿದೆ. ಅವಳು ಹೇಳಲಿಲ್ಲ. ಈಚೆಗೆ ಅವಳಿಗೆ ಮರೆವು ಹೆಚ್ಚು, ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮನೆ ಬರುವವರೆಗೂ ಕಣ್ಣು ಮುಚ್ಚಿಕೊಂಡು, ಮರೆಯಬಾರದೆಂದು, ತುಟಿ ಅಲ್ಲಾಡಿಸುತ್ತಲೇ ಇದ್ದಳು.